ಬೆಳ್ಳಿ ಮುಖ: ಸಂದಿಲ್ಲದ ಅಚ್ಚು

ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ಅದು ಓರೆಯಾಗಲಿ ಎಂದು ನಾನು ಬೇಡಿಕೊಂಡಿದ್ದೆ.

ಒಂದು ತಟ್ಟೆಯಲ್ಲಿ ಏಕಾಂತಪ್ಪನವರ ಮನೆದೇವತೆಯ ಮುಖ. ಇನ್ನೊಂದರಲ್ಲಿ ನಾನು ಕುಡ್ಲಿಗಿಯಿಂದ ಹೊತ್ತು ತಂದ ಸರಕಾರಿ ತೂಕದ ಕಲ್ಲುಗಳು. ಆರುನೂರ ಆರು ಗ್ರಾಂ, ಹಳೇ ಲೆಕ್ಕದಲ್ಲಿ ಐವತ್ತೆರಡು ತೊಲ. ಹೋದ ವರ್ಷ ಎರಕದ ಹಂಪಕ್ಕ ಕೊಟ್ಟೂರಿನ ಇದೇ ಪಡಸಾಲೆಯಲ್ಲಿ ಹತ್ತು ಜನರ ಮುಂದೆ ಬೆಳ್ಳಿಯ ಮುಖ ತೂಗಿ ಕೊಟ್ಟಾಗಲೂ ಐವತ್ತೆರಡು ತೊಲವೇ ಇತ್ತು. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಡಿಮೆಯಿಲ್ಲ.

"ಮುಗೀತಲ್ರಿ ಮೇಡಂ," ಎಂದರು ಪಿಎಸ್ಐ ಗುರುಬಸವರಾಜ. "ಆಕಿ ಅವತ್ತು ಕೊಟ್ಟಿದ್ದು ಇದನ್ನ. ನಾಕು ಗಂಟಿಗೆ ಜೀಪು ಕುಡ್ಲಿಗಿಗೆ ಹೊಕ್ಕೈತಿ, ಆಕೀನೂ ಹೊಕ್ಕಾಳ."

ಮೂರು ದಿನದ ಹಿಂದೆ ಏಕಾಂತಪ್ಪನವರ ಹೆಂಡತಿ ಗಂಗಾಂಬಿಕಾ ಶ್ರಾವಣದ ಪೂಜೆಗೆಂದು ಮುಖಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ದೇವಿಯ ಮೂಗಿನ ತುದಿಯಲ್ಲಿ ಹಳದಿ ಇಣುಕಿತ್ತು. ಬೆಳ್ಳಿ ನೀರು ಕುಡಿಸಿದ ಹಿತ್ತಾಳೆ! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು, ಅದು ದೇವರ ಮುಖಕ್ಕೂ ಹೊಂದುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಪಾಲಾಕ್ಷ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಪುಷ್ಪಲತಾ ಮೇಡಂ ಅವರ ಪೆಟ್ಟಿಗೆ ಹೊರುವವನು. ಹದಿನಾರು ವರ್ಷ ಸಂತೆಯಿಂದ ಸಂತೆಗೆ ಆ ಪೆಟ್ಟಿಗೆ ಹೊತ್ತು ನನ್ನ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ಮೊದಲು ನಿಮ್ಮ ಭುಜದ ತಕ್ಕಡಿ ಸರಿಮಾಡಿಸಬೇಕು ಎಂದು ನನ್ನ ಹೆಂಡತಿ ನಗುತ್ತಾಳೆ. ಕಳ್ಳರನ್ನು ಹಿಡಿಯಿರಿ ಎಂದು ಮೇಡಂಗೆ ಯಾವ ಸರಕಾರವೂ ಹೇಳಿಲ್ಲ. ಪೊಲೀಸರು ಮುಖ ತೂಗಿ ಕೊಡಿ ಎಂದು ಕರೆಸಿದ್ದರು, ಅಷ್ಟೇ. ಆದರೆ ಮುಳ್ಳು ಎಲ್ಲಿ ಸುಳ್ಳು ಹೇಳುತ್ತದೋ ಅಲ್ಲಿ ಅವರಿಗೆ ಕೂತ ಜಾಗದಲ್ಲಿ ಕೂರಲು ಆಗುವುದಿಲ್ಲ.

ಈಗಲೂ ಆಗಲಿಲ್ಲ. ಎದ್ದು ಮುಖವನ್ನು ಕೈಗೆತ್ತಿಕೊಂಡರು. ಹಿತ್ತಾಳೆ ಬೆಳ್ಳಿಗಿಂತ ಹಗುರ. ಅಷ್ಟೇ ದೊಡ್ಡ, ಅಷ್ಟೇ ದಪ್ಪದ ಮುಖವನ್ನು ಹಿತ್ತಾಳೆಯಲ್ಲಿ ಮಾಡಿದರೆ ಹತ್ತು ತೊಲ ಕಡಿಮೆ ಬೀಳಬೇಕು. ಬಿದ್ದಿಲ್ಲವೆಂದರೆ ಯಾರೋ ಬೇಕೆಂದೇ ದಪ್ಪ ಮಾಡಿ ತೂಕ ಸರಿದೂಗಿಸಿದ್ದಾರೆ. ಮೇಡಂ ಇದನ್ನು ಹೇಳಿದಾಗ ಪಿಎಸ್ಐ ಸಾಹೇಬರು ತಲೆಯಾಡಿಸಿದರು. ಹೌದು, ಆ ಯಾರೋ ಹಂಪಕ್ಕನೇ ಎಂದರು. ಅವರ ಬಳಿ ಸಾಕ್ಷಿಯೂ ಇತ್ತು. ಬಜಾರಿನ ಬೆಳ್ಳಿ ಅಂಗಡಿಯ ಯರ್ರಿಸ್ವಾಮಿ, ಹಂಪಕ್ಕ ಒಂದೇ ಅಚ್ಚಿನಲ್ಲಿ ಮೊದಲು ಬೆಳ್ಳಿ, ಆಮೇಲೆ ಹಿತ್ತಾಳೆ ಹೊಯ್ದದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದು ಬರೆದುಕೊಟ್ಟಿದ್ದ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿಯ ಮನುಷ್ಯ ನಮ್ಮ ಸಾಹೇಬರು. ಕೆಟ್ಟವರಲ್ಲ, ಅವಸರದವರು.

ನನಗೆ ಹಂಪಕ್ಕನ ಚಿಂತೆ. ಗಂಡನಿಲ್ಲದ ಹೆಂಗಸು, ಮನೆಯ ಹಿತ್ತಲಲ್ಲೇ ಮೇಣದ ಅಚ್ಚು ಕಟ್ಟಿ ಬೆಳ್ಳಿ ಎರಕ ಹೊಯ್ದು ಬದುಕುವವಳು. ಇವತ್ತು ಜೀಪು ಹತ್ತಿದರೆ, ನಾಳೆ ಬಿಡುಗಡೆಯಾಗಿ ಬಂದರೂ, ಈ ಸೀಮೆಯಲ್ಲಿ ಯಾರು ಅವಳ ಕೈಗೆ ಒಂದು ತೊಲ ಬೆಳ್ಳಿ ಕೊಡುತ್ತಾರೆ? ಮನೆಯಲ್ಲಿ ಕಣ್ಣು ಕಾಣದ ಅತ್ತೆ ಬೇರೆ. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ಇದನ್ನ ಕೂಡ್ಸೋ ಹಲಗಿ ಎಲ್ಲೈತಿ?" ಎಂದು ಮೇಡಂ ಗಂಗಾಂಬಿಕಾ ಅವರನ್ನು ಕೇಳಿದರು.

ದೇವರ ಕೋಣೆಯಿಂದ ತೇಗದ ಹಲಗೆ ಬಂತು. ಮುಖ ಮನೆಗೆ ಬಂದ ವಾರದಲ್ಲೇ ಬಡಗಿಯನ್ನು ಕರೆಸಿ, ಮುಖವನ್ನು ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಗೆರೆಯಷ್ಟೇ ಕುಳಿ ಕೊರೆಸಿದ್ದರಂತೆ. ಮೇಡಂ ಮುಖವನ್ನು ಕುಳಿಯಲ್ಲಿಟ್ಟು ಮೆಲ್ಲಗೆ ಅಲುಗಿಸಿದರು.

ಟಕ್. ಟಕ್.

ಮುಖ ಕುಳಿಯಲ್ಲಿ ಅಲ್ಲಾಡುತ್ತಿತ್ತು. ಸುತ್ತಲೂ ಒಂದು ಜೋಳದ ಕಾಳು ತೂರುವಷ್ಟು ಸಂದು!

ನಾನು ಮೈಮರೆತು ತಕ್ಕಡಿಯ ಸರಪಳಿ ಕೈಬಿಟ್ಟೆ. ಮೇಡಂ ನನ್ನ ಕಡೆ ನೋಡಲೂ ಇಲ್ಲ. ಮೊದಲಿಂದಲೂ ಹೀಗೇ ಇತ್ತೇ ಎಂದು ಗಂಗಾಂಬಿಕಾ ಅವರನ್ನು ಕೇಳಿದರು.

"ಇಲ್ಲರೀ. ಮೊದ್ಲು ಬಿಗಿ ಕುಂದರ್ತಿತ್ತು, ತಗೀಬೇಕಂದ್ರ ಉಗುರು ಹಾಕ್ಬೇಕಾಗಿತ್ತು. ಯುಗಾದಿ ಆದ ಮ್ಯಾಲ ಸಡ್ಲ ಆತು. ಕಟ್ಗಿ ಒಣಗಿ ಹಿಂಗಾಗೈತಿ ಅಂತ ನಾನ ಅಳ್ಳಿ ತುರುಕಿ ಕುಂದ್ರಸ್ತಿದ್ದೆ."

ಅವರ ಸೆರಗಿನ ಗಂಟಿನಲ್ಲಿ ಆ ಅರಳೆಯ ಎಳೆಗಳು ಇನ್ನೂ ಇದ್ದವು. ಯುಗಾದಿಗೆ ಮೊದಲು ಮುಖ ಮನೆಯಿಂದ ಹೊರಗೆ ಹೋಗಿತ್ತೇ ಎಂಬುದು ಮೇಡಂ ಅವರ ಮುಂದಿನ ಪ್ರಶ್ನೆ. ಗಂಗಾಂಬಿಕಾ ಗಂಡನ ಮುಖ ನೋಡಿದರು. ಎಣ್ಣೆ ಗಿರಣಿಯ ಧಣಿ ಏಕಾಂತಪ್ಪ ಮೀಸೆ ತಿರುವುವುದನ್ನು ನಿಲ್ಲಿಸಿ ಕೆಮ್ಮಿದರು. ಮುಖಕ್ಕೆ ಹೊಳಪು ಕೊಡಿಸಲು ಎಂಟು ದಿನ ಒಂದು ಅಂಗಡಿಯಲ್ಲಿ ಬಿಟ್ಟಿದ್ದರಂತೆ. ಅಂಗಡಿ ಯಾರದೆಂದು ಬಿಡಿಸಿ ಹೇಳಲು ಅವರಿಗೆ ಇನ್ನೆರಡು ಸಲ ಕೆಮ್ಮಬೇಕಾಯಿತು.

ಯರ್ರಿಸ್ವಾಮಿಯ ಅಂಗಡಿ.

ಪಿಎಸ್ಐ ಸಾಹೇಬರ ಹುಬ್ಬು ಮೇಲೇರಿತು. ಆದರೂ ಅವರು ಸುಲಭಕ್ಕೆ ಸೋಲುವವರಲ್ಲ. ಹಲಗೆ ಕುಗ್ಗಿರಬಹುದು, ಹಿಗ್ಗಿರಬಹುದು, ಸಾಕ್ಷಿ ಸಾಕ್ಷಿಯೇ ಎಂದರು. ಹಾಗಾದರೆ ಸಾಕ್ಷಿಯನ್ನು ಹಂಪಕ್ಕನ ಹಿತ್ತಲಿಗೇ ಕರೆಸಿ ಎಂದರು ಮೇಡಂ. ಮುಖವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಬೀದಿಯುದ್ದಕ್ಕೂ ನಾನು ಅದನ್ನು ಎಳೆಗೂಸಿನ ಹಾಗೆ ಎದೆಗವಚಿ ಓಡುನಡಿಗೆಯಲ್ಲಿ ಹೋದೆ.

* * *

ಹಂಪಕ್ಕನ ಹಿತ್ತಲಲ್ಲಿ ಕುಲುಮೆ ಧಗಧಗ ಉರಿಯುತ್ತಿತ್ತು. ಒಣಗಿಸಿಟ್ಟ ಅಚ್ಚು ಒಂದಿದ್ದರೆ ಕಾಯಿಸಿಡಿ ಎಂದು ಮೇಡಂ, ಯರ್ರಿಸ್ವಾಮಿಯ ಹೇಳಿಕೆ ಓದಿದ ಮೇಲೆ, ಬೆಳಿಗ್ಗೆಯೇ ಹೇಳಿಕಳಿಸಿದ್ದರು. ಅಂಗೈಯಗಲದ ಮಣ್ಣಿನ ಉಂಡೆಯೊಂದು ಬೆಂಕಿಯ ಪಕ್ಕ ಬೋರಲಾಗಿ ಕೂತಿತ್ತು. ಅದರೊಳಗಿನ ಮೇಣ ಕರಗಿ ಕೆಳಗಿನ ಬಟ್ಟಲಿಗೆ ಆಗಲೇ ಹನಿದು ಮುಗಿದಿತ್ತು. ಜೇನುಮೇಣ ಮತ್ತು ರಾಳದ ಘಮ ಹಿತ್ತಲೆಲ್ಲ ತುಂಬಿತ್ತು.

ತಿದಿ ಒತ್ತುತ್ತಿದ್ದವಳು ಅತ್ತೆ ಬೊಮ್ಮಮ್ಮ. ಕಣ್ಣಿಗೆ ಪೊರೆ ಬಂದು ಆರು ವರ್ಷ, ಆದರೂ ಬೆಳ್ಳಿ ಕರಗಿತೋ ಇಲ್ಲವೋ ಎಂಬುದನ್ನು ಸದ್ದಿನಲ್ಲೇ ಹೇಳುತ್ತಾಳೆ. ಈ ಸೀಮೆಯಲ್ಲಿ ಮೇಣದ ಎರಕ ಬಲ್ಲ ಮನೆ ಇದೊಂದೇ. ಬೊಮ್ಮಮ್ಮ ತನ್ನ ಮಗ ಹುಲುಗಣ್ಣನಿಗೆ ಕಲಿಸಿದಳು, ಸೊಸೆಗೂ ಕಲಿಸಿದಳು. ಮೂರು ವರ್ಷದ ಹಿಂದೆ ಹಡಗಲಿಯ ಕಡೆ ತುಂಗಭದ್ರೆ ತುಂಬಿ ಹರಿದಾಗ ಹುಲುಗಣ್ಣ ಕೊಚ್ಚಿಹೋದ. ದಂಡೆಯ ಮೇಲೆ ಅಂಗಿ, ಚಪ್ಪಲಿ ಸಿಕ್ಕವು, ಹೆಣ ಸಿಗಲಿಲ್ಲ. ಅಂದಿನಿಂದ ಹಂಪಕ್ಕನ ಹಣೆ ಬರಿದು.

"ಕರಗೈತಿ, ಹೊಯ್ಯೇ," ಎಂದಳು ಬೊಮ್ಮಮ್ಮ.

ಹಂಪಕ್ಕ ಬೆಳ್ಳಿ ಕರಗಿದ ಮೂಸೆಯನ್ನು ಇಕ್ಕಳದಲ್ಲಿ ಎತ್ತಿದಳು. ನಾಲ್ಕು ಗಂಟೆಗೆ ತನ್ನನ್ನು ಒಯ್ಯಲಿದ್ದ ಪೊಲೀಸರು ಮೂರು ಮಾರು ದೂರದಲ್ಲಿ ನಿಂತಿದ್ದಾರೆ, ಆದರೆ ಅವಳ ಕೈ ಒಂದು ಎಳೆಯಷ್ಟೂ ನಡುಗಲಿಲ್ಲ. ಅಚ್ಚನ್ನು ಮಗುಚಿ ನಿಲ್ಲಿಸಿ ಅದರ ಸಣ್ಣ ಬಾಯಿಗೆ ಬೆಳ್ಳಿ ಸುರಿದಳು. ಉರಿಯುವ ಬೆಳದಿಂಗಳು ಒಂದೇ ಧಾರೆಯಾಗಿ ಒಳಗಿಳಿಯಿತು. ನನಗೆ ಸಿಳ್ಳೆ ಹಾಕಬೇಕೆನಿಸಿತು. ಸರಕಾರಿ ನೌಕರನಾದ ಕಾರಣ ಸುಮ್ಮನಿದ್ದೆ.

ಅಚ್ಚು ಆರುವ ಹೊತ್ತಿಗೆ ಯರ್ರಿಸ್ವಾಮಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಕೊಡೆ. ಸೇಲಂನಲ್ಲಿ ತಯಾರಾದ ಕಾಲ್ಚೈನು, ಉಡಿದಾರ ತರಿಸಿ ಮಾರುವವನು. ತಾನು ಬೆಳ್ಳಿ ಕರಗಿಸಿದವನಲ್ಲ, ಮಾರಿ ದಪ್ಪಗಾದವನು. ಜನ ತನ್ನ ಅಂಗಡಿ ಬಿಟ್ಟು ಈ ಹಿತ್ತಲಿಗೆ ಬರುತ್ತಾರೆಂಬ ಉರಿ ಅವನಿಗೆ ಮೊದಲಿನಿಂದಲೂ ಇತ್ತು.

ಮೇಡಂ ಅವನಿಗೆ ಮಣೆ ಹಾಕಿಸಿದರು. ನೀರು ಕೊಡಿಸಿದರು. ಅಂದು ನೋಡಿದ್ದನ್ನು ಇನ್ನೊಮ್ಮೆ ಹೇಳಿ, ನಾನು ಬರೆದುಕೊಳ್ಳಬೇಕು ಎಂದು ಬಹಳ ಗೌರವದಿಂದ ಕೇಳಿದರು. ಮೇಡಂ ಗೌರವ ಹೆಚ್ಚು ಮಾಡಿದಷ್ಟೂ ಎದುರಿನವರು ಎಚ್ಚರವಾಗಿರಬೇಕು. ಅದು ಯರ್ರಿಸ್ವಾಮಿಗೆ ತಿಳಿಯದು.

ಅವನು ಉತ್ಸಾಹದಿಂದ ಹೇಳಿದ. ಹೋದ ವರ್ಷ ಬೇಲಿಯ ಆಚೆ ಹೋಗುತ್ತಿದ್ದನಂತೆ. ಹಂಪಕ್ಕ ಅಚ್ಚನ್ನು ಡಬ್ಬಿಯ ಹಾಗೆ ತೆರೆದು ಬೆಳ್ಳಿಯ ಮುಖ ತೆಗೆದಿಟ್ಟಳಂತೆ, ಅದೇ ಅಚ್ಚನ್ನು ಮುಚ್ಚಿ ಹಿತ್ತಾಳೆ ಹೊಯ್ದಳಂತೆ.

"ಡಬ್ಬಿ ತಗದಂಗ?"

"ಡಬ್ಬಿ ತಗದಂಗ ರೀ. ಮ್ಯಾಲಿನ ಹೋಳು, ಕೆಳಗಿನ ಹೋಳು. ಈ ಕಣ್ಣಿಲೇ ನೋಡೀನಿ."

ಮೇಡಂ ಆರಿದ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಅವನ ತೊಡೆಯ ಮೇಲಿಟ್ಟರು.

"ಹಂಗಾರ ಇದನ್ನ ತಗದು ತೋರಿಸ್ರಿ ಯರ್ರಿಸ್ವಾಮಿಯವರೇ. ಇದೂ ಅದೇ ಥರದ ಅಚ್ಚು."

ಯರ್ರಿಸ್ವಾಮಿ ಅಚ್ಚನ್ನು ಹಿಂದೆ ಮುಂದೆ ತಿರುಗಿಸಿದ. ಮೇಲೆ ನೋಡಿದ, ಬುಡ ನೋಡಿದ. ಉಗುರಿನಿಂದ ಗೀರಿದ. ಹುತ್ತದ ಮಣ್ಣು, ಸಗಣಿ, ಹೊಟ್ಟು ಕಲಸಿ ಮೂರು ಪದರ ಬಳಿದು ಸುಟ್ಟ ಉಂಡೆ ಅದು. ಬೆಳ್ಳಿ ಹೊಯ್ಯುವ ಒಂದು ತೂತು ಬಿಟ್ಟರೆ ಸಂದು ಎಂಬುದು ಅದಕ್ಕೆ ಎಲ್ಲಿಯೂ ಇರಲಿಲ್ಲ. ಜೇಬಿನಿಂದ ಚಾಕು ತೆಗೆದು ತುದಿ ಊರಿ ನೋಡಿದ. ಚಾಕು ಜಾರಿತು. ಬಿಳಿ ಅಂಗಿಯ ಕಂಕುಳಲ್ಲಿ ಬೆವರು ಮೂಡಿತು.

"ಇದು ಬ್ಯಾರೆ ಐತ್ರಿ," ಎಂದ.

"ಬ್ಯಾರೆ ಇರಂಗಿಲ್ಲ. ಹಂಪಕ್ಕ, ನೀವ ತಗದು ತೋರಿಸ್ರಿ."

ಹಂಪಕ್ಕ ಸುತ್ತಿಗೆ ತೆಗೆದುಕೊಂಡಳು. ಯೋಚಿಸಲೂ ಇಲ್ಲ, ಒಂದೇ ಏಟು. ಅಚ್ಚು ಚೂರುಚೂರಾಯಿತು. ಕರಿ ಮಣ್ಣಿನ ನಡುವೆ ಬೂದು ಮೆತ್ತಿದ ಪುಟ್ಟ ಬೆಳ್ಳಿ ಬಸವಣ್ಣ, ಕೋಡು, ಗೊರಸು, ಕೊರಳ ಗೆಜ್ಜೆಯ ಸಮೇತ ಮಲಗಿದ್ದ. ಕಾನ್‌ಸ್ಟೇಬಲ್‌ಗಳು ಕೂಡ ಬಾಗಿ ನೋಡಿದರು.

"ನಮ್ಮ ಅಚ್ಚು ಒಂದ ಸಲಕ್ಕ ರೀ," ಎಂದಳು ಹಂಪಕ್ಕ ಪಿಎಸ್ಐ ಸಾಹೇಬರಿಗೆ. "ಮೇಣ ಕರಗಿ ಹೋಗತೈತಿ, ಮಣ್ಣು ಒಡದು ಹೋಗತೈತಿ. ಎಲ್ಡನೇದು ಬೇಕಂದ್ರ ಮೇಣದಿಂದನ ಮತ್ತ ಸುರು ಮಾಡ್ಬೇಕು. ಇವರು ನೋಡಿದ್ದು ಕೊಳಗ, ಗಂಟಿ ಹೊಯ್ಯೋರ ಎಲ್ಡು ಹೋಳಿನ ಉಸುಕಿನ ಪೆಟ್ಟಿಗಿ. ನಮ್ಮ ಹಿತ್ಲಾಗ ಅದು ಯಾವತ್ತೂ ಇಲ್ಲ."

ಮುಖ ಚಿಕ್ಕದಾದದ್ದು ಏಕೆ ಎಂದು ಮೇಡಂ ಕೇಳಿದಾಗ ಅದನ್ನೂ ಬಿಡಿಸಿ ಹೇಳಿದಳು. ಯಾರೋ ಅಸಲಿ ಮುಖದ ಮೇಲೆ ಹಸಿಮಣ್ಣು ಒತ್ತಿ ಪಡಿಯಚ್ಚು ತೆಗೆದಿದ್ದಾರೆ. ಆ ಮಣ್ಣು ಒಣಗುತ್ತ ಕುಗ್ಗುತ್ತದೆ, ಲೋಹ ಆರುತ್ತ ಇನ್ನಷ್ಟು ಕುಗ್ಗುತ್ತದೆ. ನಕಲು ಯಾವತ್ತೂ ಅಸಲಿಗಿಂತ ಒಂದು ಕಾಳು ಸಣ್ಣ. ಅಂದರೆ ನಕಲು ಹುಟ್ಟಿದ್ದು ಅಸಲಿ ಮುಖ ಕೈಯಲ್ಲಿದ್ದವನ ಬಳಿ. ಹಂಪಕ್ಕ ತೂಗಿ ಕೊಟ್ಟ ಮೇಲೆ ಅದನ್ನು ಮತ್ತೆ ನೋಡಿರಲಿಲ್ಲ. ಯುಗಾದಿಗೆ ಮೊದಲು ಮುಖ ಎಂಟು ದಿನ ಮನೆಯಿಂದ ಹೊರಗಿತ್ತು ಎಂದರು ಮೇಡಂ. ಆಗ ಅದನ್ನು ಇಟ್ಟುಕೊಂಡವನು ಮಣೆಯ ಮೇಲೆ ಕೂತಿದ್ದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯರ್ರಿಸ್ವಾಮಿ ಯಾರೂ ಏನೂ ಅನ್ನುವ ಮೊದಲೇ ಎದ್ದುನಿಂತು, ಮೇಣದ ಕೆಲಸ ನನಗೆ ಬರುವುದಿಲ್ಲ, ನಾನು ಮಾಡಿಲ್ಲ ಎಂದು ಶುರುಮಾಡಿದ. ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಬೇಲಿಯ ಬಳಿ ಹೋದದ್ದು ಸುಳ್ಳು, ನೋಡಿದ್ದು ಸುಳ್ಳು ಎಂಬುದು ಐದು ನಿಮಿಷದಲ್ಲಿ ಹೊರಬಿತ್ತು. ಮಾಡಿದವನು ಯಾರು ಎಂದಾಗ ಮಾತ್ರ ಬಾಯಿಗೆ ಬೀಗ ಬಿತ್ತು. ಆದರೆ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಹಂಪಕ್ಕನ ಹೆಸರು ಬರೆದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದರು. ತಪ್ಪಾತವ್ವ, ನೀ ಇನ್ನ ನಿಶ್ಚಿಂತಿ ಇರು ಎಂದರು.

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೊಮ್ಮಮ್ಮ ತಿದಿ ಬಿಟ್ಟು ಕೈಮುಗಿದಳು. ಹಂಪಕ್ಕ ಸುತ್ತಿಗೆ ಹಿಡಿದೇ ನೆಲಕ್ಕೆ ಕುಸಿದು ಕೂತಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಗಂಟೆ ಇನ್ನೂ ಎರಡು ದಾಟಿರಲಿಲ್ಲ.

ಅಲ್ಲಿಗೆ ಮುಗಿಸಬಹುದಿತ್ತು. ಈಗ ಯೋಚಿಸಿದರೆ ಮುಗಿಸಬೇಕಾಗಿತ್ತು.

ಆದರೆ ಮೇಡಂ ತಮ್ಮ ಭೂತಗನ್ನಡಿ ತೆಗೆದಿದ್ದರು. ತಕ್ಕಡಿಯ ಮುದ್ರೆ ನೋಡುವ ಗಾಜು ಅದು. ಕೆಂಪು ವಸ್ತ್ರ ಬಿಚ್ಚಿ ಮುಖವನ್ನು ಬೋರಲು ಹಾಕಿ ಅದರ ಬೆನ್ನಿನ ಕುಳಿಯನ್ನು ಬಿಸಿಲಿಗೆ ಹಿಡಿದರು. ಪಡಿಯಚ್ಚಿನೊಳಗೆ ಮೇಣವನ್ನು ಬೆರಳಿನಿಂದ ಒತ್ತಬೇಕು, ಹೊರಮೈಯನ್ನು ಎಲ್ಲರೂ ನಯ ಮಾಡುತ್ತಾರೆ, ಯಾರಿಗೂ ಕಾಣದ ಬೆನ್ನನ್ನು ಯಾರು ನಯ ಮಾಡುತ್ತಾರೆ? ಮೇಣದಲ್ಲಿ ಬಿದ್ದ ಗುರುತು ಲೋಹದಲ್ಲಿ ಹಾಗೆಯೇ ಬರುತ್ತದೆ.

"ಪಾಲಾಕ್ಷ, ನೋಡಿಲ್ಲಿ," ಎಂದರು. ಅವರ ದನಿ ಪಿಸುಗುಟ್ಟುವಷ್ಟು ಸಣ್ಣದಾಗಿತ್ತು, ಅಂದರೆ ಸಂಗತಿ ಅಷ್ಟು ದೊಡ್ಡದು.

ದೇವಿಯ ಗಲ್ಲದ ಹಿಂದೆ ಹೆಬ್ಬೆರಳಿನ ಗುರುತು. ಗೆರೆಗೆರೆಯೂ ಸ್ಪಷ್ಟ. ಅಗಲವಾದ ಗಂಡಸಿನ ಬೆರಳು. ನಡುವೆ ಅಡ್ಡಕ್ಕೆ ಒಂದು ಸೀಳು, ಹಳೆಯ ಗಾಯ ಮಾಗಿದ ಗೆರೆ. ಒಂದಲ್ಲ, ಹತ್ತು ಕಡೆ ಅದೇ ಬೆರಳು, ಅದೇ ಸೀಳು. ಕಳ್ಳ ದೇವರ ಬೆನ್ನ ಮೇಲೆ ರುಜು ಹಾಕಿ ಹೋಗಿದ್ದ!

ಮೇಡಂ ಹಂಪಕ್ಕನ ಹೆಬ್ಬೆರಳನ್ನು ಮೇಣದ ಮೇಲೆ ಒತ್ತಿಸಿ ಎರಡನ್ನೂ ಸಾಹೇಬರಿಗೆ ತೋರಿಸಿದರು. ಎಲ್ಲಿಂದೆಲ್ಲಿಗೆ! ಯರ್ರಿಸ್ವಾಮಿಯ ಬೆರಳೂ ಅಲ್ಲ. ಇಂಥ ಕೈ ಯಾರದ್ದಿರಬಹುದು, ನಿಮಗೆ ಗೊತ್ತಾ ಎಂದು ಮೇಡಂ ಗಾಜನ್ನೂ ಮುಖವನ್ನೂ ಹಂಪಕ್ಕನ ಕೈಗೇ ಕೊಟ್ಟರು.

ಹಂಪಕ್ಕ ನೋಡಿದಳು.

ಗಾಜು ಮಣ್ಣಿನ ಮೇಲೆ ಬಿತ್ತು. ಮುಖವನ್ನು ನನ್ನ ಕೈಗೆ ತುರುಕಿ, ಎದ್ದು, ಸೆರಗು ಸರಿಮಾಡಿಕೊಂಡು ಸಾಹೇಬರ ಮುಂದೆ ಹೋಗಿ ನಿಂತಳು.

"ಇದು ನಾನ ಮಾಡಿದ್ದು ರೀ. ನಡೀರಿ ಕುಡ್ಲಿಗಿಗೆ."

ಯರ್ರಿಸ್ವಾಮಿ ಕೂಡ ಬಾಯಿ ತೆರೆದುಕೊಂಡು ಕೂತ. ನಿಮ್ಮ ಬೆರಳಲ್ಲ ಇದು ಎಂದು ಮೇಡಂ ಹೇಳಿದರೆ, ನಂದೇ ಎಂದಳು. ಈಗಷ್ಟೇ ನೀವೇ ಅಲ್ಲಗಳೆದಿರಲ್ಲ ಎಂದರೆ, ಆಗ ಸುಳ್ಳು ಹೇಳಿದೆ ಎಂದಳು. ಮೇಡಂ ಅವಳ ಕೈಹಿಡಿದುಕೊಂಡು ಯಾರನ್ನು ಕಾಯುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಅವಳು ಕೈ ಬಿಡಿಸಿಕೊಂಡಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ. ಗೆದ್ದ ಆಟವನ್ನು ಕಣ್ಣೆದುರೇ ಕಸಿದುಕೊಂಡವನು ಯಾವನೋ ಅವನ ಮೇಲೆ.

"ಹಂಪಿ, ಏನು ಹುಚ್ಚು ಮಾತು ಆಡ್ತೀ?" ಬೊಮ್ಮಮ್ಮ ಗೋಡೆ ಹಿಡಿದು ಎದ್ದಳು. "ಏನೈತಿ ಅದ್ರಾಗ? ಯಪ್ಪಾ, ಇಲ್ಲಿ ಕೊಡು ನೋಡೂಣು."

"ಕೊಡಬ್ಯಾಡ್ರಿ ಅಣ್ಣಾರ," ಎಂದಳು ಹಂಪಕ್ಕ. ಅಷ್ಟು ಬೇಡಿಕೊಳ್ಳುವ ದನಿಯನ್ನು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ.

ಆದರೆ ಮುದುಕಿಯ ಕೈ ಆಗಲೇ ನನ್ನ ಕೈ ಮೇಲಿತ್ತು. ಕಣ್ಣು ಕಾಣದ ಮುದುಕಿ, ಏನು ತಾನೇ ನೋಡುತ್ತಾಳೆ ಎಂದುಕೊಂಡೆ. ಪೆದ್ದ ನಾನು. ಕೊಟ್ಟುಬಿಟ್ಟೆ.

ಬೊಮ್ಮಮ್ಮ ಮುಖದ ಬೆನ್ನಿನ ಕುಳಿಯಲ್ಲಿ ಹೆಬ್ಬೆರಳು ಆಡಿಸಿದಳು. ಕಣ್ಣು, ಮೂಗು, ತುಟಿ. ಗಲ್ಲದ ಹತ್ತಿರ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಆ ಸೀಳಿನ ಗೆರೆಯ ಮೇಲೆ ತನ್ನ ಬೆರಳನ್ನಿಟ್ಟು ಮುದುಕಿ ಬಹಳ ಹೊತ್ತು ಹಾಗೆಯೇ ನಿಂತಳು. ಆಮೇಲೆ ಅವಳ ಸುಕ್ಕುಮುಖವೆಲ್ಲ ಅರಳಿತು. ಅಷ್ಟು ಸಂತೋಷವನ್ನು ನಾನು ಮನುಷ್ಯರ ಮುಖದಲ್ಲಿ ಕಂಡದ್ದು ಕಡಿಮೆ.

"ಹಂಪಿ, ಹಣಿಗೆ ಕುಂಕುಮ ಇಟ್ಕೊಳ್ಳೇ. ನನ್ನ ಮಗ ಅದಾನ. ಗರಗಸ ತಾಗಿ ಹೆಬ್ಬಟ್ಟು ಸೀಳಿದಾಗ ಅರಿಷಿಣ ಮೆತ್ತಿ ಕಟ್ಟಿದಾಕಿ ನಾನು, ನನಗ ಗೊತ್ತಾಗಂಗಿಲ್ಲೇನು? ಯುಗಾದಿಗೆ ಇದ್ದ ಅಂದ್ರ ಈಗೂ ಅದಾನ."

ಹಂಪಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಿಎಸ್ಐ ಗುರುಬಸವರಾಜ ಜೇಬಿನಿಂದ ಆ ಮಡಿಸಿದ ಕಾಗದ ತೆಗೆದು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡರು. ಹಂಪಕ್ಕನ ಹೆಸರಿನ ಮೇಲೆ ಗೀಟು ಎಳೆದರು. ಮಗನ ಹೆಸರೇನಮ್ಮ ಎಂದು ಮೃದುವಾಗಿ ಕೇಳಿದರು.

"ಹುಲುಗಣ್ಣ ರೀ," ಎಂದಳು ಬೊಮ್ಮಮ್ಮ, ಮುಖವನ್ನು ಎದೆಗೆ ಒತ್ತಿಕೊಂಡು. "ಬರ್ಕೊಳ್ರಿ ಸಾಹೇಬ್ರ. ಸತ್ತಿಲ್ಲ ಅಂತ ಬರ್ಕೊಳ್ರಿ."

ಸಾಹೇಬರು ಬರೆದುಕೊಂಡರು.